ಅವರು ನೋಡದ ಚೆಂಡು

ನಾವು ರಾಜಾಜಿನಗರಕ್ಕೆ ಬಂದಾಗ ಅದು ಇನ್ನೂ ನಗರವಾಗಿರಲಿಲ್ಲ. ಕಲ್ಲು ನೆಟ್ಟು ಗೆರೆ ಎಳೆದ ಬಯಲು, ಅಷ್ಟೆ. ಅಲ್ಲೊಂದು ಇಲ್ಲೊಂದು ಮನೆ, ನಡುವೆ ಖಾಲಿ ಸೈಟುಗಳು, ಸೈಟುಗಳ ತುಂಬ ತುಂಬೆಗಿಡ, ಮುಳ್ಳು, ಮೇಯಲು ಬಂದ ಹಸುಗಳು. ನಮ್ಮ ವರಾಂಡದಲ್ಲಿ ನಿಂತು ಮಾಗಡಿ ರಸ್ತೆಯ ಕಡೆ ನೋಡಿದರೆ ಕಣ್ಣಿಗೆ ಅಡ್ಡ ಬರುತ್ತಿದ್ದುದು ಒಂದು ಹುಣಸೆಮರ ಮಾತ್ರ. ಮರದಾಚೆ ಯಾರದೋ ರಾಗಿಹೊಲ. ಅಳತೆಯವರು ಬಂದು ಅದನ್ನೂ ಸೈಟು ಮಾಡಿ ಹೋಗಿದ್ದರು. ಆದರೂ ಹೊಲದವರು ಬಿತ್ತುವುದನ್ನು ಬಿಟ್ಟಿರಲಿಲ್ಲ. ಮನೆ ಕಟ್ಟುವವರು ಬರುವವರೆಗೆ ಭೂಮಿ ಸುಮ್ಮನೆ ಯಾಕೆ ಬಿದ್ದಿರಬೇಕು ಎಂಬುದು ಅವರ ವಾದ. ನನಗೂ ಅದು ಸರಿಯೆನಿಸುತ್ತಿತ್ತು.

ಮನೆಯಲ್ಲಿ ನಾವು ಮೂವರು: ನನ್ನ ಯಜಮಾನರು, ಅತ್ತೆ, ನಾನು. ಯಜಮಾನರು ಹತ್ತಿರದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸಕ್ಕಿದ್ದರು. ತಾಯಿ ಮಗ ಇಬ್ಬರೂ ದಾವಣಗೆರೆ ಕಡೆಯವರು. ನಾನು ಬೆಂಗಳೂರು ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅವರ ಮಾತನ್ನು ನಾನು ಆಡಿಕೊಳ್ಳುವುದು, ನನ್ನ ಮಾತನ್ನು ಅವರು ಅಣಕಿಸುವುದು, ಮದುವೆಯ ಹೊಸತರಲ್ಲಿ ನಮ್ಮ ಸರಸವೆಲ್ಲ ಇಷ್ಟರಲ್ಲೇ ಮುಗಿಯುತ್ತಿತ್ತು. ಅದೇ ನಮಗೆ ಸಾಕಾಗಿತ್ತು.

ಮೂವರು ಎಂದೆ. ನಾಲ್ವರಾಗಬೇಕಿತ್ತು. ನಮ್ಮ ಮೊದಲ ಮಗು, ಹೆಣ್ಣು, ಬೆಳಿಗ್ಗೆ ಆಸ್ಪತ್ರೆಯಲ್ಲಿ ಹುಟ್ಟಿ ಸಂಜೆಯೊಳಗೆ ಹೋಗಿಬಿಟ್ಟಿತು. ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಆಗಷ್ಟೇ ಆಫೀಸಿನಿಂದ ಬಂದ ಯಜಮಾನರ ಮುಂದೆ ಹಿಡಿದಳು. ಅವರು ತಲೆ ತಗ್ಗಿಸಿ ನೆಲ ನೋಡುತ್ತ ನಿಂತರು. ನಾನು ಮಂಚದ ಮೇಲಿಂದ ನೋಡುತ್ತಲೇ ಇದ್ದೆ, ಅವರು ಕಣ್ಣೆತ್ತಲೇ ಇಲ್ಲ. ಅತ್ತೆ ಮತ್ತು ಅತ್ತೆಯ ತಮ್ಮ ಮಗುವನ್ನು ಮಣ್ಣಿಗೆ ಕೊಟ್ಟು ಬಂದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ.

ಯಜಮಾನರಂತೂ ಯಾವ ಮಾತನ್ನೂ ಎತ್ತಲಿಲ್ಲ. ತಲೆ ತಗ್ಗಿಸಿ ಊಟ, ತಲೆ ತಗ್ಗಿಸಿ ಪೂಜೆ, ತಲೆ ತಗ್ಗಿಸಿ ಆಫೀಸು. ಸಾರಿಗೆ ಉಪ್ಪು ಹಾಕದೆ ಬಡಿಸಿದರೂ ಉಂಡು ಎದ್ದು ಹೋಗುತ್ತಿದ್ದರು. ಬೇಕೆಂದೇ ಹಾಗೆ ಮಾಡಿ ನೋಡಿದ್ದೇನೆ. ನನಗೆ ಒಡವೆ ಬೇಕಿರಲಿಲ್ಲ, ಸೀರೆ ಬೇಕಿರಲಿಲ್ಲ. ಮಗಳ ವಿಚಾರವನ್ನು ಈ ಮನುಷ್ಯ ಒಂದೇ ಒಂದು ಸಲ ನನ್ನ ಹತ್ತಿರ ಮಾತಾಡಲಿ ಎಂದಷ್ಟೇ ಬೇಕಿತ್ತು. ಅದನ್ನು ಕಂಡವಳು ನಾನೊಬ್ಬಳೇ ಎಂಬಂತೆ ಬದುಕುವುದು ನನಗೆ ಬಹಳ ಕಷ್ಟವಾಗಿತ್ತು.

ಇಂಥ ಮನೆಗೆ ಗಾಲ್ಫ್ ಬಂತು. ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಭಾನುವಾರದ ಆಟಕ್ಕೆ ಒಬ್ಬ ಜೊತೆಗಾರ ಕಡಿಮೆಯಾಗಿದ್ದನಂತೆ, ವರ್ಗವಾಗಿ ಹೋಗಿದ್ದನಂತೆ. ನಮ್ಮವರನ್ನು ಕರೆದು, ಚಿಕ್ಕಂದಿನಲ್ಲಿ ಏನು ಆಡುತ್ತಿದ್ದೆ ಎಂದು ಕೇಳಿದರಂತೆ. ಇವರು ಚಿನ್ನಿದಾಂಡು ಎಂದರಂತೆ. ಹಾಗಾದರೆ ಬಾ, ಇದೂ ಅದರ ಅಣ್ಣನೇ ಎಂದು ಸಾಹೇಬರು ನಕ್ಕರಂತೆ. ಇಷ್ಟೂ 'ಅಂತೆ'ಗಳನ್ನು ಯಜಮಾನರೇ ಊಟದ ಮುಂದೆ ಕೂತು ನನಗೆ ಹೇಳಿದರು. ನಾನು ಕೈಯಲ್ಲಿ ಸೌಟು ಹಿಡಿದು ನಿಂತೇ ಬಿಟ್ಟೆ. ಅಷ್ಟು ಮಾತನ್ನು ಅವರ ಬಾಯಿಂದ ಕೇಳಿ ಯಾವ ಕಾಲವಾಗಿತ್ತೋ!

ಅಂದಿನಿಂದ ಭಾನುವಾರ ಎಂದರೆ ನನಗೆ ಹಬ್ಬ. ಬೆಳಿಗ್ಗೆ ಸಾಹೇಬರ ಕಾರು ಬರುವುದು, ಮಧ್ಯಾಹ್ನ ಇವರು ಮುಖ ಕೆಂಪಗೆ ಮಾಡಿಕೊಂಡು ಬಂದು ಇಳಿಯುವುದು, ಊಟಕ್ಕೆ ಕೂತವರೇ ವರದಿ ಒಪ್ಪಿಸುವುದು.

"ಸೊಂಟ ತಿರುಗ್ಬೇಕಂತೆ. ಬರೀ ಕೈಯಾಗೆ ಹೊಡೆದ್ರೆ ಚೆಂಡು ಹೋಗಾದಿಲ್ಲಂತೆ. ಹೆಗಲು ಹಿಂದಕ್ಕೆ, ಸೊಂಟ ಹಿಂದಕ್ಕೆ, ಆಮೇಲೆ ಮೊದ್ಲು ಸೊಂಟ ಮುಂದಕ್ಕೆ, ಅದರ ಬೆನ್ನಿಗೆ ಹೆಗಲು, ಕೊನೀಗೆ ಕೈ. ಎಡಗೈ ಮಡಚಂಗಿಲ್ಲ. ತಲೆ ಅಲ್ಲಾಡ್ಸಂಗಿಲ್ಲ."

"ಕೋಲು ಹೇಗೆ ಹಿಡಿಯೋದು?" ನನಗೆ ಗಾಲ್ಫ್ ಕಟ್ಟಿಕೊಂಡು ಏನಾಗಬೇಕು, ಮಾತು ಮುಂದುವರಿಯಲಿ ಎಂದು ಕೇಳಿದ್ದು.

"ಬಿಗಿಯಾಗಿ ಹಿಡೀಬಾರ್ದಂತೆ. ಸಣ್ಣ ಮಗೀನ ಕೈ ಹಿಡಿದಂಗೆ..." ಅಷ್ಟು ಹೇಳಿ ನೀರಿನ ಲೋಟ ಎತ್ತಿಕೊಂಡರು. ನೀರು ಕುಡಿದು ತಲೆ ತಗ್ಗಿಸಿದರು. ಆ ದಿನದ ವರದಿ ಅಲ್ಲಿಗೆ ಮುಗಿಯಿತು.

ಆಟ ಅವರಿಗೆ ಒಗ್ಗಲಿಲ್ಲ. ಒಗ್ಗದಿದ್ದರೂ ಅದರ ಹುಚ್ಚು ಹತ್ತಿತ್ತು. ಆ ಮೈದಾನದಲ್ಲಿ ಒಂದು ಕಡೆ ದೊಡ್ಡ ಹಳ್ಳವಿದೆಯಂತೆ, ಈಚೆ ದಡದಿಂದ ಹೊಡೆದ ಚೆಂಡು ಅದನ್ನು ದಾಟಿ ಆಚೆ ಬೀಳಬೇಕಂತೆ. ಉಳಿದವರದು ದಾಟುತ್ತಿತ್ತು. ಇವರದು ಪ್ರತಿ ಸಲವೂ ಹಳ್ಳದ ಹುಲ್ಲಿನಲ್ಲಿ. ಅದನ್ನು ಹುಡುಕುವವರೆಗೆ ಉಳಿದವರೆಲ್ಲ ಬಿಸಿಲಲ್ಲಿ ಕಾಯಬೇಕು. ಸಾಹೇಬರು ಒಳ್ಳೆಯವರೇ, ಆದರೆ ಎಷ್ಟು ದಿನ ಅಂತ ಸಹಿಸಿಯಾರು? ಒಂದು ಭಾನುವಾರ ನಯವಾಗಿಯೇ ಹೇಳಿದರಂತೆ: ದೀಪಾವಳಿಯವರೆಗೆ ನೋಡೋಣ, ಆಗಲೂ ದಾಟದಿದ್ದರೆ ಬೇರೆ ಯಾರನ್ನಾದರೂ ಕರೆದುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಇದನ್ನು ಹೇಳುವಾಗ ಯಜಮಾನರ ಮುಖ ಪರೀಕ್ಷೆಯಲ್ಲಿ ಫೇಲಾದ ಮಗುವಿನದಾಗಿತ್ತು. ಚೆಂಡು ಹಳ್ಳ ದಾಟಿದರೆಷ್ಟು ಬಿಟ್ಟರೆಷ್ಟು. ಆದರೆ ಭಾನುವಾರ ಹೋದರೆ ಮಾತೂ ಹೋಗುತ್ತದೆ, ಇದು ನನಗೆ ಖಚಿತವಾಗಿತ್ತು. ಈ ಸಣ್ಣ ಸಣ್ಣ ಮಾತುಗಳು ಒಂದು ದಿನ ಆ ದೊಡ್ಡ ಮಾತಿನವರೆಗೆ ನಡೆದು ಬರಬಹುದು ಎಂದು ನಾನು ಕಾದು ಕೂತಿದ್ದೆ. ಹಾಳು ಹಳ್ಳವೊಂದು ಅಡ್ಡ ಬರುವುದೆಂದರೇನು!

ಸಾಹೇಬರು ಹಳೆಯ ಕೋಲೊಂದನ್ನೂ ಗೀರುಬಿದ್ದ ಒಂದಿಷ್ಟು ಚೆಂಡುಗಳನ್ನೂ ಕೊಟ್ಟಿದ್ದರು. ಆಫೀಸಿನಿಂದ ಬಂದವರೇ ಇವರು ಎದುರಿನ ಖಾಲಿ ಸೈಟಿಗೆ ಇಳಿಯತೊಡಗಿದರು. ಹೊಡೆಯುವುದು ಅವರು, ಸೆರಗು ಸಿಕ್ಕಿಸಿಕೊಂಡು ಮುಳ್ಳಿನಲ್ಲಿ ಚೆಂಡು ಹುಡುಕುವುದು ನಾನು. ಸುಂಕದಕಟ್ಟೆ ಕಡೆಯ ಗಾಡಿಯವನೊಬ್ಬ ಎತ್ತು ನಿಲ್ಲಿಸಿ, "ಯಾಕ್ ಸ್ವಾಮಿ, ಹಾವಾ? ಹೊಡೆದ್ರಾ, ತಪ್ಪಿಸ್ಕೊಂತಾ?" ಎಂದು ಕೇಳಿದ. ಇವರು ಕೋಲೂರಿಕೊಂಡು, "ಇಲ್ಲಪ್ಪಾ, ಆಟ" ಎಂದರು. ಅವನು ನನ್ನ ಕಡೆ ತಿರುಗಿ ಕನಿಕರದಿಂದ ನೋಡಿ ಗಾಡಿ ಹೊಡೆದುಕೊಂಡು ಹೋದ.

ಅತ್ತೆ ವರಾಂಡದಲ್ಲಿ ಕೂತು ಬತ್ತಿ ಹೊಸೆಯುತ್ತ ಇದನ್ನೆಲ್ಲ ನೋಡುತ್ತಿದ್ದರು. ಒಂದು ಸಂಜೆ ಮಗನನ್ನು ಕರೆದರು.

"ಏನೋ, ಸೊಂಟ ಮುರುದಾನಂಗೆ ನಿಂತೀಯಲ್ಲ. ಅದು ಯಾಕೆ ತಿರುಗಾದಿಲ್ಲ?"

"ಕುರ್ಚಿ ಮ್ಯಾಲೆ ಕುಂತು ಕುಂತು ಹಿಂಗಾಗೈತೆ ಅವ್ವ."

"ಹಂಗಾದ್ರೆ ಬೀಸಾಕೆ ಕುಂತ್ಕ. ನಮಿಗ್ಯಾಕೆ ಸೊಂಟ ಹಿಡಿಯಾದಿಲ್ಲ ಅಂತ ಆಗ ತಿಳೀತೈತೆ."

ತಮಾಷೆಗೆ ಹೇಳಿದರೆಂದುಕೊಂಡೆ. ಅಲ್ಲ. ಮಾರನೆಯ ಸಂಜೆ ದೀಪ ಹಚ್ಚಿದ ಮೇಲೆ ಬೀದಿಬಾಗಿಲು ಮುಚ್ಚಿಸಿ, ಬೀಸುವ ಕಲ್ಲಿನ ಮುಂದೆ ನನ್ನೆದುರಿಗೆ ಮಗನನ್ನು ಕೂರಿಸಿದರು. ಗಂಡಸು ಬೀಸುವುದನ್ನು ಯಾರಾದರೂ ಕಂಡರೆ ಏನೆಂದಾರು ಎಂದು ಬಾಗಿಲು ಮುಚ್ಚಿದ್ದು. ಇಬ್ಬರೂ ಕಾಲು ಚಾಚಿ ಒಂದೇ ಗೂಟ ಹಿಡಿದು ತಿರುಗಿಸಬೇಕು. ಮೊದಲ ದಿನ ಅವರು ಕೈಯಲ್ಲೇ ಎಳೆದಾಡಿ ಬೆವರು ಸುರಿಸಿದರು. "ಕೈ ಬಿಡಿ, ಮೈ ತೂಗಿ. ಕಲ್ಲು ತಾನೇ ಬರುತ್ತೆ" ಎಂದೆ. ಮೆಲ್ಲನೆ ಅವರ ಸೊಂಟ ತೂಗಾಡತೊಡಗಿತು. ಅವರು ಹಿಂದೆ ವಾಲಿದರೆ ನಾನು ಮುಂದೆ, ನಾನು ಹಿಂದೆ ವಾಲಿದರೆ ಅವರು ಮುಂದೆ. ಮಾತಿಲ್ಲ, ಕಲ್ಲಿನ ಗರಗರ ಸದ್ದು ಮಾತ್ರ. ಆದರೂ ಅಷ್ಟು ಹತ್ತಿರ ಎದುರುಬದುರಾಗಿ ನಾವು ಕೂತು ಬಹಳ ದಿನಗಳಾಗಿದ್ದವು. ನನಗೆ ಹಿಟ್ಟು ಮುಗಿಯುವುದೇ ಬೇಡವಾಗಿತ್ತು.

ಬೀಸುವುದರ ಜೊತೆಗೆ ಬೆಳಿಗ್ಗೆ ಬಸ್ಕಿ ಹೊಡೆಯುವುದು, ಒನಕೆಯನ್ನು ಹೆಗಲಿನ ಸುತ್ತ ಗದೆಯ ಹಾಗೆ ತಿರುಗಿಸುವುದು ಕೂಡ ಸೇರಿತು. ಎಲ್ಲಕ್ಕೂ ಅತ್ತೆಯದೇ ಮೇಲ್ವಿಚಾರಣೆ. ತೀರಿಹೋದ ನಮ್ಮ ಮಾವ ಗರಡಿಯ ಆಳು. ಅವರು ಸಾಮು ಮಾಡುವುದನ್ನು ನೋಡಿ ನೋಡಿ ಅತ್ತೆಗೆ ಅದೆಲ್ಲ ಬಾಯಿಪಾಠವಾಗಿತ್ತು. ಮಗನ ಮೈ ಹಗುರಾಯಿತು. ಹೊಟ್ಟೆ ಇಳಿಯಿತು. ಅಂಗಿಯ ಗುಂಡಿಗಳಿಗೆ ಉಸಿರು ಬಂತು. ಆದರೆ ಚೆಂಡು ಮಾತ್ರ ಹುಣಸೆಮರದ ಈಚೆಯೇ ಬೀಳುತ್ತಿತ್ತು. ಹುಣಸೆಮರ ದಾಟಿದರೆ ಹಳ್ಳ ದಾಟಿದ ಹಾಗೆ ಎಂದು ಅವರೇ ಅಂದಾಜು ಮಾಡಿದ್ದರು.

ನಾನು ನೋಡುತ್ತ ನೋಡುತ್ತ ಎರಡು ವಿಷಯ ಕಂಡುಕೊಂಡೆ. ಒಂದಕ್ಕಾಗಿ ಸಾಹೇಬರೂ ಬೈದು ಬೈದು ಸೋತಿದ್ದರು: ಕೋಲು ಚೆಂಡಿಗೆ ತಾಗುವ ಮೊದಲೇ ಇವರ ತಲೆ ಎದ್ದುಬಿಡುತ್ತಿತ್ತು. ಚೆಂಡು ಎಲ್ಲಿ ಹೋಯಿತೋ ಎಂಬ ಆತುರ. ಮನೆಯಲ್ಲಿ ತಲೆ ಎತ್ತದ ಮನುಷ್ಯ ಎತ್ತಬಾರದ ಕಡೆ ಎತ್ತುತ್ತಿದ್ದರು. ಇನ್ನೊಂದು ಸಾಹೇಬರ ಕಣ್ಣಿಗೆ ಬೀಳುವಂಥದ್ದಲ್ಲ. ಕೋಲು ಹಿಂದಕ್ಕೆ ಹೋಗುವಾಗ ಎಡತೋಳು ಎದೆಯ ಮೇಲೆ ಹಾಯಬೇಕಲ್ಲ, ಅಲ್ಲಿಗೆ ಬರುತ್ತಲೇ ಇವರ ತೋಳು ಬೆದರಿದ ಹಾಗೆ ಮಡಚಿಕೊಳ್ಳುತ್ತಿತ್ತು. ಸ್ನಾನಕ್ಕೆ ನೀರು ಹಾಕುವಾಗ ನೋಡಿದೆ, ಎದೆಯ ಮೇಲೆ ಕೆಂಪಗೆ ಒಂದು ಗುರುತು. ಲಿಂಗವಿಟ್ಟ ಬೆಳ್ಳಿ ಕರಡಿಗೆ ಒತ್ತಿದ ಗುರುತು.

ಕೊರಳಲ್ಲಿ ಲಿಂಗ ಕಟ್ಟಿದವರ ಮನೆ ನಮ್ಮದು. ನನಗೂ ಇದೆ, ಬೀಸುವಾಗ ಸೆರಗಿನೊಳಗೆ ಪಕ್ಕಕ್ಕೆ ಸರಿಸಿಕೊಳ್ಳುವುದು ನಮಗೆ ಅಭ್ಯಾಸ. ಇವರಿಗೆ ಆ ಅಭ್ಯಾಸ ಎಲ್ಲಿಂದ ಬರಬೇಕು? ಎಷ್ಟು ಸರಿಸಿದರೂ ಮೈ ತಿರುಗಿದಾಗ ಕರಡಿಗೆ ತೂಗಿ ಬಂದು ತೋಳಿನಡಿ ಸಿಕ್ಕಿಕೊಳ್ಳುತ್ತಿತ್ತು.

"ಲಿಂಗಕ್ಕೆ ಪೆಟ್ಟು ಬೀಳುತ್ತೆ ಅಂತ ತೋಳು ಮಡಚ್ತೀರಾ ನೀವು?" ಎಂದು ಕೇಳಿದೆ.

ಅವರು ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಬೇಕಂತ ಮಡಚಾದಲ್ಲ. ತಾನಾಗೆ ಮಡಚ್ತೈತೆ" ಎಂದರು. "ತೆಗೆದಿಟ್ಟು ಹೋಗಾಕಾಗಲ್ಲ. ದೀಪಾವಳಿಗೆ ಬಿಟ್ಬಿಡ್ತೀನಿ ತಗ. ಆಟ ತಾನೆ."

'ಆಟ ತಾನೆ' ಎಂದ ಆ ದನಿ ನನಗೆ ಗೊತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲಿನ ದನಿ ಅದು. ಅಡಿಗೆಮನೆಗೆ ಹೋಗಿ ಪಾತ್ರೆಗಳನ್ನು ಎತ್ತಿ ಕುಕ್ಕಿದೆ. ಅತ್ತೆ ಒಳಗೆ ಬಂದು ಏನಾಯಿತೆಂದು ಕೇಳಿದರು. ಹೇಳಲು ಹೆದರಿಕೆ. ಲಿಂಗಪೂಜೆಯಾಗದೆ ಗುಟುಕು ನೀರು ಮುಟ್ಟದ ಹೆಂಗಸು. ಕೋಲಾಟಕ್ಕೂ ಲಿಂಗಕ್ಕೂ ಗಂಟು ಹಾಕಿದ ಮಾತು ಕೇಳಿದರೆ ಕೋಲನ್ನು ಒಲೆಗೆ ಇಟ್ಟಾರು ಎಂದುಕೊಂಡೆ. ಆದರೂ ಸಿಟ್ಟಿನಲ್ಲಿ ಎಲ್ಲ ಹೇಳಿಬಿಟ್ಟೆ. ಚೆಂಡಿನ ವಿಷಯ ಮಾತ್ರವಲ್ಲ. ಭಾನುವಾರ ಬಿಟ್ಟರೆ ಈ ಮನೆಯಲ್ಲಿ ನನ್ನ ಹತ್ತಿರ ಮಾತಾಡುವವರಿಲ್ಲ ಎಂದೂ ಹೇಳಿ ಅತ್ತುಬಿಟ್ಟೆ.

ಅತ್ತೆ ತಿರುಗಿ ಹೊರಟರು. ಕೋಣೆಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಬರುವಾಗ ಕೈಯಲ್ಲಿ ಮಾವನ ಬಿಳಿ ರುಮಾಲಿತ್ತು. ಒಗೆದು ಮಡಿಸಿಟ್ಟ ಬಟ್ಟೆ, ನುಸಿಗುಳಿಗೆಯ ವಾಸನೆ. ಮಗನನ್ನು ಕರೆದು ಮಣೆಯ ಮೇಲೆ ಕೂರಿಸಿದರು.

"ನಿಮ್ಮಪ್ಪ ಗರಡ್ಯಾಗೆ ಗದೆ ತಿರುವಾಗ ಎದೆ ಮ್ಯಾಲೆ ಕಟ್ಕಂತಿದ್ದ ಅಂದ್ಕಂಡಿಯೇನು? ಕರಡಿಗೆ ಬಿಚ್ಚಿ, ಅರಿವ್ಯಾಗೆ ಕಟ್ಟಿ, ರುಮಾಲ್ನಾಗೆ ಇಟ್ಕಂತಿದ್ದ. ಎದೆಗಿಂತ ತಲೆ ಏನು ಕೆಳಗೈತಾ?"

ಯಜಮಾನರು ತಾವೇ ಕರಡಿಗೆ ಬಿಚ್ಚಿ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದರು. ಅತ್ತೆ ಅದನ್ನು ಮಗನ ನೆತ್ತಿಯ ಮೇಲಿಟ್ಟು, ಸುತ್ತಿನ ಮೇಲೆ ಸುತ್ತು ಹಾಕಿ ರುಮಾಲು ಬಿಗಿದರು. ಪ್ರತಿ ಸುತ್ತಿಗೂ ಬಟ್ಟೆಯನ್ನು ಅಂಗೈಯಿಂದ ಸವರಿದರು. ಗಂಡ ಹೋದ ಮೇಲೆ ಮೊದಲ ಸಲ ಆ ರುಮಾಲನ್ನು ಮುಟ್ಟಿದ್ದರೋ ಏನೋ. ಕೊನೆಯ ತುದಿ ಸಿಕ್ಕಿಸಿ, "ಹೋಗು, ಈಗ ಹೊಡಿ" ಎಂದರು.

ನಾನು ವರಾಂಡದಲ್ಲೇ ನಿಂತೆ. ಯಜಮಾನರು ಸೈಟಿಗೆ ಇಳಿದು ಚೆಂಡಿನ ಮುಂದೆ ನಿಂತರು. ಕೋಲು ಹಿಂದಕ್ಕೆ ಹೋಯಿತು, ತೋಳು ಮಡಚಲಿಲ್ಲ. ಸೊಂಟ ಬೀಸುವ ಕಲ್ಲಿನ ಮುಂದೆ ತಿರುಗುವ ಹಾಗೆ ತಿರುಗಿತು. ತಲೆಯಂತೂ ಕಂಬಕ್ಕೆ ಕಟ್ಟಿದ ಹಾಗೆ ನಿಂತಿತು. ತಲೆಯ ಮೇಲೆ ದೇವರನ್ನಿಟ್ಟುಕೊಂಡು ಅದನ್ನು ಎತ್ತೆತ್ತಿ ಕುಣಿಸುವ ಧೈರ್ಯ ಯಾರಿಗಿದೆ? ಅಷ್ಟು ದಿನ ಸಾಹೇಬರು ಬಾಯಿ ಬಡಿದುಕೊಂಡರೂ ಆಗದ್ದು ಒಂದು ರುಮಾಲಿನಿಂದ ಆಗಿತ್ತು. ಚೆಂಡಿನ ಸದ್ದೇ ಬೇರೆಯಾಗಿತ್ತು, ಒಣ ಕಟ್ಟಿಗೆ ಲಟಕ್ಕೆಂದ ಹಾಗೆ. ಅದು ಹುಣಸೆಮರದ ನೆತ್ತಿಯ ಮೇಲೆ ಹಾದು ರಾಗಿಹೊಲದಲ್ಲಿ ಬಿತ್ತು. ಅದನ್ನು ನಾನು ಹುಡುಕಲು ಹೋಗಲಿಲ್ಲ. ಹೊಲದವರಿಗೇ ಇರಲಿ ಎಂದು ಬಿಟ್ಟೆ.

ದೀಪಾವಳಿಯ ಹಿಂದಿನ ಭಾನುವಾರ ಅತ್ತೆ ಹಟ ಹಿಡಿದರು. "ನಮ್ಮ ಯಜಮಾನ್ರ ರುಮಾಲು ಹೋಗೈತೆ ಅಂದ್ಮೇಲೆ ನಾನೂ ನೋಡ್ಬೇಕು." ಜಟಕಾ ಮಾಡಿಕೊಂಡು ಹೋದೆವು. ಮೈದಾನದ ಬೇಲಿಯಾಚೆ, ರಸ್ತೆ ಬದಿಯ ಮರದಡಿ ನಿಂತರೆ ಹಳ್ಳ ಕಾಣುತ್ತದೆ ಎಂದು ಇವರೇ ಹೇಳಿದ್ದರು. ಉಳಿದ ಮೂವರೂ ಟೋಪಿಯವರು. ನಡುವೆ ನಮ್ಮದೊಂದು ಬಿಳಿ ರುಮಾಲು. ಒಬ್ಬ ಅದನ್ನು ನೋಡಿ ಏನೋ ಹೇಳಿ ನಕ್ಕಂತೆ ಕಂಡಿತು. ಇಲ್ಲಿಂದಲೇ ಅವನ ಮುಖಕ್ಕೆ ಮಂಗಳಾರತಿ ಎತ್ತಬೇಕೆನಿಸಿತು ನನಗೆ.

ಇವರ ಸರದಿ ಬಂತು. ನಿಂತರು. ಕೋಲು ಎತ್ತಿದರು. ನಾನು ಅತ್ತೆಯ ಕೈ ಹಿಡಿದುಕೊಂಡೆನೋ, ಅವರೇ ನನ್ನ ಕೈ ಹಿಡಿದರೋ, ಗೊತ್ತಿಲ್ಲ. ಚೆಂಡು ಎದ್ದಿತು. ಹಳ್ಳದ ಮೇಲೆ, ಹುಲ್ಲಿನ ಮೇಲೆ, ಬಿಸಿಲಿನಲ್ಲಿ ಒಂದು ಚುಕ್ಕೆಯಾಗಿ ಹೋಗಿ ಹೋಗಿ ಆಚೆ ದಡದ ಹಸಿರಿನಲ್ಲಿ ಬಿದ್ದು ಉರುಳಿತು.

"ಹೋತು ನೋಡೇ! ದಾಟಿತು ನೋಡೇ!" ಎಂದು ಅತ್ತೆ ಬೇಲಿ ಹಿಡಿದು ಕೂಗಿದರು. ಅವರ ಬಾಯಿ ಮುಚ್ಚಬೇಕೆಂದು ಹೋದವಳು ನಾನೂ ಕೂಗಿದೆ. ಸಾಹೇಬರು ಚಪ್ಪಾಳೆ ತಟ್ಟಿದರು. ಎಲ್ಲರೂ ಆಚೆ ದಡ ನೋಡುತ್ತಿದ್ದರು, ಒಬ್ಬರನ್ನು ಬಿಟ್ಟು. ನಮ್ಮವರು ಚೆಂಡು ಇದ್ದ ಜಾಗವನ್ನೇ ನೋಡುತ್ತ ತಲೆ ತಗ್ಗಿಸಿ ನಿಂತೇ ಇದ್ದರು. ಸಾಹೇಬರು ಬಂದು ಬೆನ್ನು ತಟ್ಟಿದ ಮೇಲೆಯೇ ಅವರು ತಲೆ ಎತ್ತಿದ್ದು. ಅಷ್ಟರಲ್ಲಿ ನೋಡಲು ಏನೂ ಉಳಿದಿರಲಿಲ್ಲ.

ಸಂಜೆ ಅತ್ತೆ ಈ ಸುದ್ದಿ ಹಂಚಲು ಪಕ್ಕದ ಬೀದಿಯ ಮನೆಗೆ ಹೋದರು. ಯಜಮಾನರು ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು, ರುಮಾಲು ಮಡಿಸಿಟ್ಟು, ಯಾರೂ ಹೇಳದೆಯೇ ಬಂದು ಬೀಸುವ ಕಲ್ಲಿನ ಮುಂದೆ ಕೂತರು. ನಾನು ಎದುರಿಗೆ ಕೂತು ರಾಗಿ ಹಾಕಿದೆ. ಕಲ್ಲು ತಿರುಗತೊಡಗಿತು.

"ಹೆಂಗೆ ಹೋತು ಅದು?" ಎಂದರು. "ಎಲ್ರೂ ಚಲೋ ಹೋತು ಅಂತಾರೆ. ನಾನು ನೋಡ್ಲೇ ಇಲ್ಲ."

ನಾನು ಹೇಳಿದೆ. ಎಷ್ಟು ಎತ್ತರ ಎದ್ದಿತು, ಬಿಸಿಲಿಗೆ ಹೇಗೆ ಮಿಂಚಿತು, ಬಿದ್ದ ಮೇಲೂ ಹೇಗೆ ಉರುಳಿಕೊಂಡು ಹೋಯಿತು, ಅವರಮ್ಮ ಹೇಗೆ ಕೂಗಿದರು. ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ. ಅವರು ಮಗುವಿನ ಹಾಗೆ ಬಾಯಿ ತೆರೆದುಕೊಂಡು ಕೇಳಿದರು, ನಕ್ಕರು. ಆಮೇಲೆ ಅವರ ಕೈ ನಿಧಾನವಾಯಿತು. ಕಲ್ಲು ನಿಂತಿತು.

"ಅದನ್ನೂ ನಾನು ನೋಡ್ಲಿಲ್ಲ" ಎಂದರು.

ಯಾವುದನ್ನು ಎಂದು ನಾನು ಕೇಳಲಿಲ್ಲ.

"ತಲೆ ಎತ್ತಾಕೆ ಆಗ್ಲಿಲ್ಲ ಕಣೇ ನನಗೆ. ಆಮೇಲೆ ನಿನ್ನ ಕೇಳಾಕೆ ಮುಖ ಇರ್ಲಿಲ್ಲ." ಅವರು ಗೂಟದ ಮೇಲಿದ್ದ ನನ್ನ ಕೈ ಮೇಲೆ ಕೈ ಇಟ್ಟರು. ಬಿಗಿಯಾಗಿ ಅಲ್ಲ. "ಹೆಂಗಿತ್ತು ಮಗು? ಹೇಳು. ಎಲ್ಲಾ ಹೇಳು."

ಹೇಳಿದೆ. ತಲೆ ತುಂಬ ಕೂದಲಿತ್ತು ಎಂದೆ. ಹಣೆ ನಿಮ್ಮದು, ಗಲ್ಲ ನನ್ನದು ಎಂದೆ. ಎಡಗಿವಿಯ ತುದಿ ಸ್ವಲ್ಪ ಮಡಚಿಕೊಂಡಿತ್ತು, ಅತ್ತೆಯದು ಇದೆಯಲ್ಲ, ಹಾಗೇ ಎಂದೆ. ನನ್ನ ಬೆರಳು ಕೊಟ್ಟಾಗ ಹಿಡಿದುಕೊಂಡಿತು ರೀ, ಎಂದೆ. ಇದಕ್ಕೆ ಉಪ್ಪು ಖಾರ ಹಚ್ಚಲಿಲ್ಲ, ಹಚ್ಚುವ ಅಗತ್ಯವಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ, ತಲೆ ಎತ್ತಿಕೊಂಡೇ ಅತ್ತರು. ನನಗೂ ಅಳು ತಡೆಯಲಾಗಲಿಲ್ಲ. ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ಸ್ವಲ್ಪ ಹೊತ್ತಾದ ಮೇಲೆ ಅವರು, "ಒಂದು ಹೆಸರು ಇಟ್ಕಂಡಿದ್ದೆ ನಾನು, ಹೆಣ್ಣಾದ್ರೆ ಇಡ್ಬೇಕು ಅಂತ" ಎಂದರು. ಮುಂದಕ್ಕೆ ಬಾಗಿ, ಕಲ್ಲಿನ ಮೇಲಿಂದಲೇ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಮೆಲ್ಲಗೆ ಆ ಹೆಸರು ಹೇಳಿದರು.

ಆಮೇಲೆ ನಮಗೆ ಮಕ್ಕಳಾದವು, ಸೈಟುಗಳೆಲ್ಲ ಮನೆಗಳಾದವು, ಹುಣಸೆಮರ ರಸ್ತೆಗೆ ಹೋಯಿತು. ಬರೆಯಬಹುದಾದ ಹೆಸರುಗಳು ಬಹಳ ಇವೆ. ಅದೊಂದನ್ನು ಮಾತ್ರ ಎಲ್ಲೂ ಬರೆದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಅವಳಪ್ಪ ಅದನ್ನು ಹೇಳಿದ್ದು ನನಗೊಬ್ಬಳಿಗೇ.